ಬೆಂಕಿಯಲ್ಲಿ ಹತ್ತಿದ ಚಿನ್ನ

ಹಳೆಯ ಗಡಿಯಾರಗಳಲ್ಲಿ ನನ್ನ ಮನಸ್ಸನ್ನು ಪೂರ್ತಿ ಕದ್ದದ್ದು ಪ್ಯಾರಿಸ್ಸಿನ ಕಂಚಿನ ಗಡಿಯಾರ. ಚಿನ್ನದ ಲೇಪ ಹೊತ್ತು, ಶ್ರೀಮಂತರ ಮನೆಯ ಅಗ್ಗಿಷ್ಟಿಕೆಯ ಮೇಲೆ ಕೂರಲೆಂದೇ ಹುಟ್ಟಿದ್ದು. ನೆಪೋಲಿಯನ್ ಕಾಲದವುಗಳಲ್ಲಿ ಬಿಳಿ ಎನಾಮೆಲ್ ಮುಖ ಪುಟ್ಟದು, ಸುತ್ತಲಿನ ಕಥೆಯೇ ದೊಡ್ಡದು. ಒಂದರಲ್ಲಿ ಕ್ಯುಪಿಡ್ ಮತ್ತು ಸೈಕಿ, ಮತ್ತೊಂದರಲ್ಲಿ ಹದ್ದಿನ ಜೊತೆ ನಿಂತ ಜಾರ್ಜ್ ವಾಷಿಂಗ್ಟನ್. ಇವನನ್ನು ಪ್ಯಾರಿಸ್ಸಿನವರು ಅಮೆರಿಕದ ಗಿರಾಕಿಗಳಿಗಾಗಿ ಎರಕ ಹೊಯ್ದರು.

ನಾನು ಅದರ ಮುಂದೆ ಕೂರುವುದು ಹೊತ್ತು ತಿಳಿಯಲಿಕ್ಕಲ್ಲ, ಚಿನ್ನ ನೋಡಲಿಕ್ಕೆ. ದೇವತೆಯ ತೋಳು, ಕೆನ್ನೆ ಮಂಕು ಹೊಂಬಣ್ಣ. ಉಡುಪಿನ ಅಂಚು, ರೆಕ್ಕೆಯ ತುದಿ ಥಳಥಳ. ಎರಡೂ ಒಂದೇ ಚಿನ್ನ. ಚಿನ್ನವನ್ನು ಪಾದರಸದಲ್ಲಿ ಕರಗಿಸಿ, ಬೆಣ್ಣೆಯಂಥ ಆ ಮುದ್ದೆಯನ್ನು ಕಂಚಿಗೆ ಸವರಿ, ಕೆಂಡದ ಮೇಲೆ ಹಿಡಿಯುತ್ತಿದ್ದರು. ಪಾದರಸ ಆವಿಯಾಗಿ ಹಾರಿದರೆ ಚಿನ್ನ ಕಂಚಿಗೆ ಕಚ್ಚಿಕೊಂಡು ಉಳಿಯುತ್ತಿತ್ತು. ಆಮೇಲೆ ಹೊಳೆಯಬೇಕಾದ ಕಡೆ ಮಾತ್ರ ಅಗೇಟ್ ಕಲ್ಲಿನಿಂದ ಉಜ್ಜಿ ಉಜ್ಜಿ ಮಿನುಗು ತರಿಸುತ್ತಿದ್ದರು. ಎಲ್ಲಿ ಉಜ್ಜಬೇಕು, ಎಲ್ಲಿ ಕೈ ತಡೆಯಬೇಕು ಎಂಬ ಆ ವಿವೇಕಕ್ಕೆ ನಾನು ಸೋತಿದ್ದೇನೆ.

ಆ ಆವಿಯನ್ನು ಕುಡಿದವರು ಕೆಲಸಗಾರರು. ಕೈ ನಡುಕ, ಹಲ್ಲು ಉದುರುವುದು, ಅಕಾಲ ಸಾವು. ಇದನ್ನು ಕಂಡು ಮರುಗಿದವನು ಅದೇ ಕಸುಬಿನ ಆಂದ್ರೆ-ಆಂತ್ವಾನ್ ರಾವ್ರಿಯೊ. 1814ರಲ್ಲಿ ತೀರಿಕೊಂಡ ಅವನು ತನ್ನ ಉಯಿಲಿನಲ್ಲಿ, ಲೇಪಗಾರರನ್ನು ಪಾದರಸದಿಂದ ಕಾಪಾಡುವ ದಾರಿ ಹುಡುಕಿದವರಿಗೆ 3,000 ಫ್ರಾಂಕ್ ಬಹುಮಾನ ಬರೆದಿಟ್ಟಿದ್ದ. ರಸಾಯನಶಾಸ್ತ್ರಜ್ಞ ದಾರ್ಸೆ ಆವಿಯನ್ನು ಮೇಲಕ್ಕೆಳೆಯುವ ಚಿಮಣಿ ಇರುವ ಒಲೆ ರೂಪಿಸಿ ಅದನ್ನು ಗೆದ್ದ. ಅವನ ಪುಸ್ತಕ 1818ರಲ್ಲಿ ಬಂತು. ಈ ಗಡಿಯಾರಗಳ ಚರಿತ್ರೆಯಲ್ಲಿ ರಾಜರಾಣಿಯರಿಗಿಂತ ನನಗೆ ಹತ್ತಿರದವನು ರಾವ್ರಿಯೊ. 1840ರ ಹೊತ್ತಿಗೆ ವಿದ್ಯುತ್ತಿನಿಂದ ಲೇಪ ಹಚ್ಚುವ ವಿದ್ಯೆ ಬಂತು. ಕೈಗಳು ಬದುಕಿಕೊಂಡವು, ಅದೇ ದೊಡ್ಡದು. ಆ ಲೇಪದಲ್ಲಿ ಹಳೆಯ ಚಿನ್ನದ ಆಳ ಮಾತ್ರ ನನ್ನ ಕಣ್ಣಿಗೆ ಕಾಣುವುದಿಲ್ಲ.

ಹಿಂದಿನ ಬಾಗಿಲು ತೆರೆದರೆ ಇನ್ನೊಂದು ಲೋಕ. ದುಂಡನೆಯ ಹಿತ್ತಾಳೆ ಯಂತ್ರ. ಹಳೆಯವುಗಳಲ್ಲಿ ಪೆಂಡುಲಂ ತೂಗುವುದು ರೇಷ್ಮೆ ದಾರದಲ್ಲಿ. ಹವೆಯ ತೇವ ಏರಿಳಿದರೆ ದಾರದ ಉದ್ದ ಬದಲಾಗುತ್ತದೆ, ಗಡಿಯಾರದ ನಡೆಯೂ. ಗಂಟೆ ಎಣಿಸುವುದು ಅಂಚಿನಲ್ಲಿ ಕಚ್ಚು ಕಡಿದ ಚಕ್ರ. ಅರ್ಧ ಗಂಟೆಗೂ ಒಂದು ಪೆಟ್ಟು ಉಂಟು. ಹಾಗಾಗಿ ಹನ್ನೆರಡೂವರೆ, ಒಂದು, ಒಂದೂವರೆ ಮೂರಕ್ಕೂ ಒಂದೊಂದೇ ಪೆಟ್ಟು. ಕಣ್ಣುಮುಚ್ಚಿ ಕೇಳುತ್ತ ಆ ಮೂರನ್ನೂ ದಾಟುವುದು ನನಗೆ ಬಹಳ ಪ್ರಿಯವಾದ ಮಧ್ಯಾಹ್ನ.

ಇಂಥದ್ದೊಂದು ನಿಮ್ಮ ಕೈಗೆ ಬಂದರೆ ದಯವಿಟ್ಟು ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ಹಿತ್ತಾಳೆ ಪಾಲಿಷನ್ನೂ ಹಚ್ಚಬೇಡಿ. ತಿಕ್ಕಿದರೆ ಹೋಗುವುದು ಕೊಳೆಯಷ್ಟೇ ಅಲ್ಲ, ಚಿನ್ನವೂ. ಮೆತ್ತನೆಯ ಕುಂಚದಿಂದ ಧೂಳು ಕೊಡವಿ, ಸಾಕು. ಜಾಗ ಬದಲಿಸುವಾಗ ಪೆಂಡುಲಂ ಬಿಚ್ಚಿಟ್ಟುಕೊಂಡು, ಬುಡಕ್ಕೆ ಎರಡೂ ಕೈ ಕೊಟ್ಟು ಎತ್ತಿ.