ಚಾಕಣ್‌ನಿಂದ ಮಾನೇಸರ್‌ಗೆ: ನಮ್ಮ ಕಾರು ಹೋದ ದಾರಿ

ರಾಷ್ಟ್ರೀಯ ಹೆದ್ದಾರಿ 48 ನನಗೆ ಮನೆ ಮುಂದಿನ ರಸ್ತೆ ಇದ್ದಂತೆ. ನನ್ನೂರು ರಾಣೆಬೆನ್ನೂರು ಇದರ ಮೇಲೆಯೇ ಇದೆ. ಒಂಬತ್ತು ವರ್ಷ ಕೆಲಸ ಮಾಡಿದ ಪುಣೆಯನ್ನೂ ಇದೇ ಹಾದುಹೋಗುತ್ತದೆ. ಹೋದ ವರ್ಷ ಗುರುಗ್ರಾಮಕ್ಕೆ ವರ್ಗವಾದಾಗ ನಕಾಶೆ ತೆಗೆದು ನೋಡಿದರೆ, ಅಲ್ಲಿಯೂ ಇದೇ 48! ದಾರಿ ಗೊತ್ತಿದ್ದರೂ ಮೂರು ವರ್ಷದ ಮಗಳನ್ನು ಕೂರಿಸಿಕೊಂಡು ಸುಮಾರು 1,400 ಕಿ.ಮೀ. ಓಡಿಸುವ ಧೈರ್ಯವಾಗಲಿಲ್ಲ. ನಾವು ರೈಲಿಗೆ, ಕಾರು ಟ್ರೇಲರಿಗೆ ಎಂದು ತೀರ್ಮಾನವಾಯಿತು.

ಕಾರು ಒಪ್ಪಿಸಲು ಚಾಕಣ್‌ಗೆ ಹೋದೆ. ಪುಣೆಯವರಿಗೆ ಗೊತ್ತು, ಅದು ವಾಹನ ಕಾರ್ಖಾನೆಗಳ ಊರು. ಚಾಕಣ್-ತಳೇಗಾಂವ್ ರಸ್ತೆಯ ಬದಿಗೆ ಕಾರು ಸಾಗಿಸುವ ಉದ್ದುದ್ದ ಟ್ರೇಲರ್‌ಗಳು ಸಾಲುಗಟ್ಟಿ ನಿಂತಿರುತ್ತವೆ. ಚಾಲಕರು ಅವುಗಳ ನೆರಳಿನಲ್ಲೇ ಸ್ಟೌ ಹಚ್ಚಿ ರೊಟ್ಟಿ ಬೇಯಿಸುತ್ತಾರೆ. ನಮ್ಮ ಟ್ರೇಲರ್‌ನ ಚಾಲಕ ಅಲವರ್ ಕಡೆಯವನು. ಹೊಸ ಕಾರುಗಳ ನಡುವೆ ನಮ್ಮ ಆರು ವರ್ಷದ ಕಾರು, ಮದುವೆಮನೆಗೆ ಹಳೇ ಅಂಗಿ ಹಾಕಿಕೊಂಡು ಬಂದವರ ಹಾಗೆ ಕಾಣುತ್ತಿತ್ತು.

ಸಾಗಣೆಗೆ 18,000 ರೂಪಾಯಿ, 'ಇನ್ಶೂರೆನ್ಸ್' ಎಂದು 7,500. ಕಾರಿನ ಬೆಲೆ ಐದು ಲಕ್ಷ ಎಂದು ಬರೆಸಿದ್ದೆ, ಅದರ ಒಂದೂವರೆ ಶೇಕಡಾ. ಏಜೆಂಟ್ ರಸೀದಿ ಕೊಟ್ಟ, ನಾನು ಮಡಚಿ ಜೇಬಿಗಿಟ್ಟೆ.

ರೈಲು ಹತ್ತುವ ಹಿಂದಿನ ಸಂಜೆ ನಿಗಡಿಯಲ್ಲಿರುವ ಕಾಕಾನ ಮನೆಗೆ ಹೋಗಿದ್ದೆ. ಸಂಬಂಧಿಕರಲ್ಲ, ಕನ್ನಡ ಸಂಘದ ಪರಿಚಯ. ವಿಮಾ ಕಂಪನಿಯಲ್ಲಿ ದುಡಿದು ನಿವೃತ್ತರಾದವರು. ರಸೀದಿ ನೋಡಿ ಕನ್ನಡಕ ಮೇಲೇರಿಸಿದರು.

"ತಮ್ಮಾ, ಇದರಾಗ ಪಾಲಿಸಿ ನಂಬರ್ ಎಲ್ಲಿ ಐತಿ? ವಿಮಾ ಕಂಪನಿ ಹೆಸರು ಎಲ್ಲಿ ಐತಿ?"

ಎರಡೂ ಇರಲಿಲ್ಲ. 7,500ರ ಮುಂದೆ 'ಎಫ್‌ಒವಿ' ಎಂದಿತ್ತು.

"ಇದು ಫ್ರೇಟ್ ಆನ್ ವ್ಯಾಲ್ಯೂ. ಮಾಲಿನ ಬೆಲೆ ಮ್ಯಾಲೆ ಸಾಗಣೆಯವ ತಗೊಳ್ಳೋ ಹೆಚ್ಚಿನ ಬಾಡಿಗಿ. ವಿಮಾ ಅಲ್ಲ. ವಿಮಾ ಅಂದ್ರ ವಿಮಾ ಕಂಪನಿ ಕೊಟ್ಟ ಸರ್ಟಿಫಿಕೇಟ್ ಇರಬೇಕು, ಅದರಾಗ ನಿನ್ನ ಹೆಸರು, ಗಾಡಿ ನಂಬರ್ ಇರಬೇಕು."

ಅವರು ಬಿಡಿಸಿ ಹೇಳಿದ್ದು ಹೀಗೆ. 2007ರ ರಸ್ತೆ ಸಾಗಣೆ ಕಾಯ್ದೆ ಮತ್ತು ಅದರ ನಿಯಮಗಳ ಪ್ರಕಾರ, ಸರಕು ಹಾಳಾದರೆ ಸಾಗಣೆದಾರನ ಹೊಣೆ ಸಾಮಾನ್ಯವಾಗಿ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತ. ನನ್ನ ಲೆಕ್ಕದಲ್ಲಿ 1,80,000. ಬೆಲೆ ಘೋಷಿಸಿ ಹೆಚ್ಚಿನ ದರ ಕಟ್ಟಿದರೆ ಹೊಣೆಯೂ ಹೆಚ್ಚುತ್ತದೆ. ಆದರೆ ಅದನ್ನು ಕೊಡಬೇಕಾದವನು ಸಾಗಣೆದಾರನೇ. ಅವನು ಕೊಡದಿದ್ದರೆ ನಾವೇ ಬೆನ್ನು ಹತ್ತಬೇಕು.

"ನಿನ್ನ ಗಾಡಿಗೆ ಪೂರ್ತಿ ಪಾಲಿಸಿ ಐತೋ, ಬರೇ ಥರ್ಡ್ ಪಾರ್ಟಿನೋ?"

ಪೂರ್ತಿ ಇತ್ತು. ಅವರ ಮುಖ ತುಸು ಸಡಿಲಾಯಿತು. ಪಾಲಿಸಿಯ ಪುಟ ತಿರುವಿ ಬೆರಳಿಟ್ಟು ತೋರಿಸಿದರು: ಬೆಂಕಿ, ಕಳವು, ಪ್ರವಾಹದ ಜೊತೆಗೆ ರಸ್ತೆ, ರೈಲು, ಒಳನಾಡು ಜಲಮಾರ್ಗ, ಲಿಫ್ಟ್, ವಿಮಾನದಲ್ಲಿ ಸಾಗಿಸುವಾಗ ಆಗುವ ಹಾನಿಯೂ ಪಟ್ಟಿಯಲ್ಲಿತ್ತು. ಆರು ವರ್ಷ ಪ್ರೀಮಿಯಂ ಕಟ್ಟಿದ್ದೆ, ಆ ಸಾಲು ಓದಿರಲಿಲ್ಲ. "ಇಳಿಸ್ಕೊಳ್ಳೋ ಮುಂದ ಏನರೆ ಕಂಡ್ರ ಅವರ ಕಾಗದದ ಮ್ಯಾಲೇ ಬರದು ಸಹಿ ಮಾಡು. ಬರೀದ ಸಹಿ ಮಾಡಬ್ಯಾಡ" ಎಂದು ಕಳುಹಿಸಿದರು.

ಏಜೆಂಟ್‌ಗೆ ಫೋನ್ ಮಾಡಿ ಸರ್ಟಿಫಿಕೇಟ್ ಕೇಳಿದೆ. ಸೋಮವಾರ ವಾಟ್ಸಾಪ್ ಮಾಡುತ್ತೇನೆ ಎಂದ. ಸೋಮವಾರ ಬಂತು, ಸರ್ಟಿಫಿಕೇಟ್ ಬರಲಿಲ್ಲ.

ಒಂಬತ್ತನೇ ದಿನ ಮಾನೇಸರ್‌ಗೆ ಬರಲು ಕರೆ ಬಂತು. ಮಾನೇಸರ್ ಎಂದರೆ ಉತ್ತರದ ಚಾಕಣ್. ಅದೇ ಕಾರ್ಖಾನೆಗಳು, ಅದೇ ಟ್ರೇಲರ್ ಸಾಲು, ಅದೇ ಧೂಳು. ಜನವರಿಯ ಚಳಿ ಮಾತ್ರ ಬೇರೆ. ಬೆಳಿಗ್ಗೆ ಹತ್ತಾದರೂ ಮಂಜು ಕರಗಿರಲಿಲ್ಲ. ಯಾರ್ಡ್‌ನವರು ಟೈರ್ ಸುಟ್ಟು ಕೈ ಕಾಯಿಸುತ್ತಿದ್ದರು.

ಕಾರಿನ ಹಿಂದಿನ ಬಂಪರ್ ಸೀಳಿತ್ತು, ಎಡಗಡೆಯ ದೀಪ ಒಡೆದಿತ್ತು, ಡಿಕ್ಕಿಯ ಬಾಗಿಲು ಒಳಕ್ಕೆ ತಗ್ಗಿತ್ತು. ಉದಯಪುರದ ಆಚೆ ರಾತ್ರಿ ಚಕ್ರ ಕಟ್ಟಿದ್ದ ಬೆಲ್ಟ್ ಸಡಿಲವಾಗಿ ಗಾಡಿ ಹಿಂದಕ್ಕೆ ಸರಿಯಿತು ಎಂದು ಚಾಲಕನೇ ಹೇಳಿದ. ಸುಳ್ಳು ಹೇಳುವ ಮನುಷ್ಯನಲ್ಲ. ಯಾರ್ಡ್‌ನವನು ಮಾತ್ರ, ಮೊದಲು ಸಹಿ ಹಾಕಿ, ಇನ್ಶೂರೆನ್ಸ್ ಇದೆಯಲ್ಲ ಎಂದು ಪೆನ್ನು ಮುಂದೆ ಹಿಡಿದ. ಕಾಕಾನ ಮಾತು ನೆನಪಾಯಿತು. ಹಾನಿಯನ್ನೆಲ್ಲ ಬರೆದೆ, ಚಾಕಣ್‌ನಲ್ಲಿ ತೆಗೆದ ಫೋಟೋಗಳನ್ನು ಪಕ್ಕದಲ್ಲಿಟ್ಟು ಮತ್ತೆ ಫೋಟೋ ತೆಗೆದೆ, ಆಮೇಲೆ ಸಹಿ ಮಾಡಿದೆ. ಅರ್ಧ ಗಂಟೆ ಗೊಣಗಿದರು. ಗೊಣಗಲಿ ಎಂದು ಸುಮ್ಮನಿದ್ದೆ.

ತಗ್ಗಿದ ಡಿಕ್ಕಿ ತೆರೆದರೆ ಮೂಲೆಯಲ್ಲಿ ಅವ್ವ ಕಳಿಸಿದ್ದ ಶೇಂಗಾ ಚಟ್ನಿಯ ಡಬ್ಬಿ! ತೆಗೆಯಲು ಮರೆತಿದ್ದೆ. ಕಾರಿನೊಳಗಿನ ಸಾಮಾನಿಗೆ ಯಾರ ಹೊಣೆಯೂ ಇಲ್ಲ ಎಂದು ರಸೀದಿಯಲ್ಲಿ ಸ್ಪಷ್ಟವಾಗಿತ್ತು. ಅದೊಂದೇ ಏನೂ ಆಗದೆ ಬಂದಿತ್ತು.

ಅಂದೇ ನನ್ನ ವಿಮಾ ಕಂಪನಿಗೆ ತಿಳಿಸಿದೆ. ಸರ್ವೇಯರ್ ಬಂದು ಕೇಳಿದ ಮೊದಲ ಪ್ರಶ್ನೆ: ಹಾನಿಯಾದಾಗ ಗಾಡಿ ಟ್ರೇಲರ್ ಮೇಲಿತ್ತೋ, ಯಾರಾದರೂ ಓಡಿಸುತ್ತಿದ್ದರೋ? ಓಡಿಸುತ್ತಿದ್ದರೆ ಓಡಿಸಿದವನ ಲೈಸೆನ್ಸ್ ಬೇಕಾಗುತ್ತದೆ. ಮೇಲಿತ್ತು ಎಂಬುದಕ್ಕೆ ನಾನು ಬರೆದ ಕಾಗದವೇ ಆಧಾರವಾಯಿತು. ಬಿಲ್ 38,000 ಆಯಿತು. ಪ್ಲಾಸ್ಟಿಕ್ ಭಾಗಗಳಿಗೆ ಅರ್ಧ ಸವಕಳಿ, ಆರು ವರ್ಷದ ಗಾಡಿಯ ಲೋಹದ ಭಾಗಗಳಿಗೆ ಶೇ 40 ಕಳೆದು ಕೈಗೆ ಬಂದದ್ದು 21,000 ಚಿಲ್ಲರೆ. ಐದು ವರ್ಷ ಕ್ಲೇಮ್ ಮಾಡದೆ ಕೂಡಿಟ್ಟ ಶೇ 50ರ ನೋ ಕ್ಲೇಮ್ ಬೋನಸ್ ಸೊನ್ನೆಗೆ ಇಳಿಯಿತು.

ಸಾಗಣೆ ಕಂಪನಿಗೆ ಲಿಖಿತ ನೋಟಿಸ್ ಕೊಟ್ಟೆ. ಬುಕಿಂಗ್ ದಿನದಿಂದ 180 ದಿನಗಳೊಳಗೆ ಕೊಡದಿದ್ದರೆ ಮುಂದೆ ದಾವೆ ಹೂಡಲಾಗದು ಎಂಬುದನ್ನೂ ಕಾಕಾನೇ ಹೇಳಿದ್ದರು. ಎರಡು ತಿಂಗಳ ಮೇಲೆ ಅವರು 7,500 ಹಿಂತಿರುಗಿಸಿ ಕೈ ತೊಳೆದುಕೊಂಡರು. ಉಳಿದದ್ದಕ್ಕೆ ಹೋರಾಡಬಹುದಿತ್ತು. ಹೊಸ ಊರು, ಹೊಸ ಕೆಲಸ, ಮಗಳ ಶಾಲೆ ಎಂದು ಬಿಟ್ಟೆ. ಬಿಟ್ಟದ್ದು ಸರಿಯೇ ಎಂದು ಕೇಳಿದರೆ ಉತ್ತರವಿಲ್ಲ.

ನಮ್ಮಂತೆ ಊರೂರು ಬದಲಿಸುವವರು ಮುಂದೆಯೂ ಕಾರು ಕಳಿಸುತ್ತಾರೆ. ಅವರಿಗೆ ಹೇಳುವುದಿಷ್ಟೇ: ಬುಕ್ ಮಾಡುವ ಮೊದಲು ನಿಮ್ಮದೇ ಪಾಲಿಸಿ ತೆಗೆದು ಓದಿ. ಬರೀ ಥರ್ಡ್ ಪಾರ್ಟಿ ಇದ್ದರೆ ನಿಮ್ಮ ಗಾಡಿಯ ಹಾನಿಗೆ ಅದು ಒಂದು ರೂಪಾಯಿಯೂ ಕೊಡುವುದಿಲ್ಲ. 'ಇನ್ಶೂರೆನ್ಸ್' ಎಂದು ಹಣ ಕೇಳಿದರೆ ಸರ್ಟಿಫಿಕೇಟ್ ಕೈಗೆ ಬಂದ ಮೇಲೆಯೇ ಕೊಡಿ.

ಈಗ ಆಫೀಸಿಗೆ ಹೋಗುವಾಗ ದಿನವೂ 48ರ ಮೇಲೆ ಟ್ರೇಲರ್‌ಗಳು ಎದುರಾಗುತ್ತವೆ. ಮೇಲಿನ ಅಂತಸ್ತಿನಲ್ಲಿ ಹಳೇ ಕಾರೊಂದು ಕಂಡರೆ, ಯಾರದೋ ಸಂಸಾರ ಊರು ಬಿಟ್ಟು ಬರುತ್ತಿದೆ ಎಂದುಕೊಳ್ಳುತ್ತೇನೆ. ಕಣ್ಣು ತಾನಾಗಿಯೇ ಬೆಲ್ಟ್‌ಗಳ ಕಡೆ ಹೋಗುತ್ತದೆ.