ನಮ್ಮ ಸರಹದ್ದಲ್ಲ

ಕಳೆದ ಮಳೆಗಾಲದಲ್ಲಿ ನನ್ನ ಕೈಚೀಲ ಬಸ್ಸಿನಲ್ಲಿ ಕಳುವಾಯಿತು. ಅದರಲ್ಲಿ ದುಡ್ಡೇನೂ ಹೆಚ್ಚಿರಲಿಲ್ಲ. ಒಂದು ಕನ್ನಡಕ, ಊಟದ ಡಬ್ಬಿ, ಮತ್ತು ಬಿ.ಎ. ಎರಡನೆಯ ವರ್ಷದ ಹುಡುಗರು ಬರೆದ ನಲವತ್ತು ಪ್ರಬಂಧಗಳು. ಕದ್ದವನು ಆ ಪ್ರಬಂಧಗಳನ್ನು ಓದಿದ್ದರೆ ಅವನಿಗೆ ತಕ್ಕ ಶಿಕ್ಷೆ ಆಗಿಯೇ ಹೋಯಿತೆಂದು ಸಮಾಧಾನ ಪಟ್ಟುಕೊಳ್ಳಬಹುದಾಗಿತ್ತು. ಆದರೆ ಹುಡುಗರಿಗೆ ಉತ್ತರ ಹೇಳಬೇಕಲ್ಲ! ಫಿರ್ಯಾದು ಕೊಡೋಣವೆಂದು ಬಸ್ಸಿಳಿದ ಕಡೆಯ ಠಾಣೆಗೆ ಹೋದೆ. ಅಲ್ಲಿದ್ದವರು ಸಭ್ಯರು, ಕೂರಲು ಕುರ್ಚಿ ತೋರಿಸಿದರು. “ಚೀಲ ಹೋದದ್ದು ನಿಮಗೆ ಎಲ್ಲಿ ಗೊತ್ತಾಯ್ತು ಮೇಷ್ಟ್ರೇ?” ಎಂದು ಕೇಳಿದರು. ಹೇಳಿದೆ. “ಹಾಗಾದರೆ ಅದು ನಮ್ಮ ಸರಹದ್ದಲ್ಲ.” ಎರಡನೆಯ ಠಾಣೆಯಲ್ಲಿ ನಾನು ಬಸ್ಸು ಹತ್ತಿದ ಜಾಗವನ್ನು ವಿಚಾರಿಸಿ ಅದೇ ಮಾತನ್ನಾಡಿದರು. ಮೂರನೆಯದನ್ನು ಹುಡುಕುವಷ್ಟರಲ್ಲಿ ಕತ್ತಲಾಯಿತು, ಮಳೆಯೂ ಬಂತು, ಮನೆಗೆ ಬಂದೆ.

ಈ ಕಥೆಯನ್ನು ವಕೀಲ ಮಿತ್ರರೊಬ್ಬರಿಗೆ ಹೇಳಿದಾಗ ಅವರು ನಕ್ಕು, 2024ರಲ್ಲಿ ಜಾರಿಗೆ ಬಂದ ಹೊಸ ಸಂಹಿತೆಯ ಪ್ರಕಾರ ಕಳವು ಎಲ್ಲಿಯೇ ಆಗಿರಲಿ, ಯಾವ ಠಾಣೆಯಲ್ಲಾದರೂ ದೂರು ಬರೆಸಿಕೊಳ್ಳಲೇಬೇಕೆಂದು ತಿಳಿಸಿದರು. ಪಾಠ ಹೇಳುವವನಿಗೆ ಪಾಠವಾಯಿತು. ಆದರೆ ನನ್ನ ಮನಸ್ಸು ಆಗಲೇ ಬೇರೆ ಕಡೆ ಹರಿದಿತ್ತು. ‘ನಮ್ಮ ಸರಹದ್ದಲ್ಲ’ ಎಂಬ ಮಾತನ್ನು ನಾನು ಮೊದಲು ಕೇಳಿದ್ದು ನಮ್ಮ ತಾತನ ಬಾಯಲ್ಲಿ.

ತಾತ ಬೆಂಗಳೂರು ಪೇಟೆಯಲ್ಲಿ ಒಂದು ಮಂಡಿಯ ಗುಮಾಸ್ತರಾಗಿದ್ದರು. ಲೆಕ್ಕದ ಕೆಲಸಕ್ಕೆಂದು ಆಗಾಗ ದಂಡಿಗೆ, ಅಂದರೆ ಕಂಟೋನ್ಮೆಂಟಿಗೆ, ನಡೆದು ಹೋಗುತ್ತಿದ್ದರಂತೆ. “ಪೇಟೆಯಲ್ಲಿ ನಾನು ಮಹಾರಾಜರ ಪ್ರಜೆ ಕಣೋ, ಕಬ್ಬನ್ ಪಾರ್ಕು ದಾಟಿದರೆ ಪರದೇಶಿ” ಎನ್ನುತ್ತಿದ್ದರು. ನಾವು ಮಕ್ಕಳು ಅದನ್ನು ತಮಾಷೆಯೆಂದು ತಿಳಿದಿದ್ದೆವು. ಅದು ತಮಾಷೆಯಲ್ಲ. 1881ರಲ್ಲಿ ಮೈಸೂರನ್ನು ಒಡೆಯರಿಗೆ ಹಿಂದಕ್ಕೆ ಕೊಟ್ಟಾಗ ಇಂಗ್ಲಿಷರು ದಂಡಿನ ಪ್ರದೇಶವನ್ನು ತಮ್ಮ ಆಡಳಿತದಲ್ಲೇ ಉಳಿಸಿಕೊಂಡರು. ನೆಲ ಮೈಸೂರಿನದು, ಪೊಲೀಸು ಕೋರ್ಟು ರೆಸಿಡೆಂಟರದು. 1947ರ ಜುಲೈ 26ರಂದು, ಸ್ವಾತಂತ್ರ್ಯಕ್ಕೆ ಇಪ್ಪತ್ತು ದಿನ ಮುಂಚೆ, ಆ ಪ್ರದೇಶ ಮೈಸೂರಿಗೆ ಮರಳಿತು. ಅಲ್ಲಿಯವರೆಗೆ ಅರವತ್ತಾರು ವರ್ಷ ಒಂದೇ ಊರಿನಲ್ಲಿ ಎರಡು ಸರಹದ್ದು.

ನೆಲ ಒಬ್ಬರದು, ಅಧಿಕಾರ ಇನ್ನೊಬ್ಬರದು ಎಂಬ ಈ ಏರ್ಪಾಡು ನಮ್ಮ ಊರಿಗೆಂದೇ ಹುಟ್ಟಿಸಿದ್ದೆಂದು ನಾನು ಭಾವಿಸಿದ್ದೆ. ವಕೀಲ ಮಿತ್ರರು ಕೊಟ್ಟ ಎರಡು ಹಳೆಯ ಪುಸ್ತಕಗಳನ್ನು ತಿರುವಿದ ಮೇಲೆ, ಅದರ ಬೇರು ಸಮುದ್ರದಾಚೆಗೂ ಹರಡಿದ್ದು ಕಂಡಿತು. ಹಳಗನ್ನಡದ ಪಾಠ ಹೇಳುವವನಿಗೆ ಈ ಉಸಾಬರಿ ಏಕೆಂದು ಯಾರಾದರೂ ಕೇಳಬಹುದು. ನನ್ನನ್ನು ಹಿಡಿದು ನಿಲ್ಲಿಸಿದ್ದು ಕಾನೂನಲ್ಲ, ಅದರ ಮಾತುಗಳು.

1843ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಒಂದು ಸಣ್ಣ ಕಾನೂನು ಮಾಡಿತು. ಪರದೇಶದಲ್ಲಿ ರಾಣಿಯ ನ್ಯಾಯಾಧಿಕಾರವನ್ನು ಕುರಿತದ್ದು. ತುರ್ಕರ ರಾಜ್ಯದಲ್ಲಿ ಇಂಗ್ಲಿಷ್ ವ್ಯಾಪಾರಿಗಳ ಜಗಳಗಳನ್ನು ಅವರ ಕಾನ್ಸಲರೇ ತೀರಿಸುವ ಪದ್ಧತಿ ಬಹುಕಾಲದಿಂದ ಇತ್ತು. ಆ ವ್ಯಾಪಾರವನ್ನು ನಡೆಸುತ್ತಿದ್ದ ಲೆವೆಂಟ್ ಕಂಪೆನಿ 1825ರಲ್ಲಿ ಮುಚ್ಚಿಹೋಯಿತು. ಕಾನ್ಸಲರ ಅಧಿಕಾರಕ್ಕೆ ಆಧಾರ ಬೇಕಾಯಿತು. ಕಾನೂನಿನ ತಾತ್ಪರ್ಯ ಇಷ್ಟು: ಪರರ ನೆಲದಲ್ಲಿ ರಾಣಿಗೆ ಯಾವ ಅಧಿಕಾರ ದೊರೆತಿದೆಯೋ ಅದನ್ನು, ಆ ನೆಲವನ್ನು ಗೆದ್ದುಕೊಂಡಿದ್ದರೆ ಹೇಗೋ ಹಾಗೆ, ಪೂರ್ಣವಾಗಿ ಚಲಾಯಿಸಬಹುದು. ಆ ಅಧಿಕಾರ ದೊರೆಯುವುದು ಹೇಗೆ? ಒಪ್ಪಂದದಿಂದ ದೊರೆಯಬಹುದು, ದಾನದಿಂದ ದೊರೆಯಬಹುದು, ರೂಢಿಯಿಂದ ದೊರೆಯಬಹುದು. ಕೊನೆಗೆ, ಅಲ್ಲಿಯವರು ಬೇಡವೆನ್ನದೆ ಸುಮ್ಮನಿದ್ದದ್ದರಿಂದಲೂ ದೊರೆಯಬಹುದು. ಮೌನಂ ಸಮ್ಮತಿ ಲಕ್ಷಣಂ ಎಂದು ನಮ್ಮವರು ಹೇಳಿದ್ದು ಮದುವೆಯ ಹೆಣ್ಣಿನ ವಿಷಯದಲ್ಲಿ. ಇಲ್ಲಿ ಅದನ್ನು ದೇಶಗಳ ವಿಷಯದಲ್ಲಿ ಶಾಸನವಾಗಿಯೇ ಬರೆದಿಟ್ಟರು.

ಈ ಬೀಜ ಮೊಳೆತ ರೀತಿಯನ್ನು ನೋಡಲು ಜಾಂಜಿಬಾರಿನಷ್ಟು ಒಳ್ಳೆಯ ಜಾಗವಿಲ್ಲ. ಆಫ್ರಿಕದ ಪೂರ್ವ ಕರಾವಳಿಯ ಆ ದ್ವೀಪದಲ್ಲಿ ಅರಬರ ಸುಲ್ತಾನ. ಅಂಗಡಿ ಸಾಲಗಳಲ್ಲಿ ಕಚ್ಛ್ ಗುಜರಾತುಗಳ ವ್ಯಾಪಾರಿಗಳು. ಲವಂಗ, ದಂತ, ಅದರ ಜೊತೆಗೆ ಗುಲಾಮರು. 1839ರಲ್ಲಿ ಸುಲ್ತಾನ ಸಯ್ಯಿದ್ ಸಯೀದ್ ಇಂಗ್ಲಿಷರೊಡನೆ ಒಪ್ಪಂದ ಮಾಡಿಕೊಂಡು, ಬ್ರಿಟಿಷ್ ಪ್ರಜೆಗಳ ತಮ್ಮತಮ್ಮೊಳಗಿನ ವ್ಯಾಜ್ಯಗಳನ್ನು ಅವರ ಕಾನ್ಸಲನಿಗೆ ಬಿಟ್ಟುಕೊಟ್ಟ. ಬಂದ ಕಾನ್ಸಲನಿಗೆ ಸಿಕ್ಕ ಇಂಗ್ಲಿಷರು ಬೆರಳೆಣಿಕೆಯಷ್ಟು. ಹಾಗಾದರೆ ಅಧಿಕಾರ ಯಾರ ಮೇಲೆ? ನಮ್ಮವರ ಮೇಲೆ. 1860ರ ಹೊತ್ತಿಗೆ ಕಾನ್ಸಲನಾಗಿದ್ದ ರಿಗ್ಬಿ ಎಂಬವನು ಭಾರತೀಯ ವ್ಯಾಪಾರಿಗಳ ಮನೆಯಲ್ಲಿದ್ದ ಸಾವಿರಾರು ಗುಲಾಮರನ್ನು ಬಿಡಿಸಿದ. ಆ ಕೆಲಸ ಒಳ್ಳೆಯದು. ಅದನ್ನು ಒಪ್ಪಿಕೊಳ್ಳದೆ ಮುಂದೆ ಹೋದರೆ ನಾನು ಪಕ್ಷಪಾತಿಯಾದೇನು. ಬಿಡುಗಡೆಯಾದವನಿಗೆ, ಬಿಡಿಸಿದವನ ಅಧಿಕಾರ ಸನ್ನದಿನಿಂದ ಬಂತೋ ರೂಢಿಯಿಂದ ಬಂತೋ ಎಂಬುದರಿಂದ ಆಗಬೇಕಾದದ್ದೇನು?

ಆದರೆ ಕಚ್ಛಿನವರು ಬ್ರಿಟಿಷ್ ಪ್ರಜೆಗಳೇ ಅಲ್ಲ, ಅವರು ಕಚ್ಛ್ ರಾಯರ ಪ್ರಜೆಗಳು ಎಂಬ ತಕರಾರು ಎದ್ದಿತು. ಕೆಲವರು ಸುಲ್ತಾನನ ಆಶ್ರಯದಲ್ಲಿ ಹೆಸರು ಬರೆಸಿಕೊಂಡು ಕಾನ್ಸಲನ ಕೈಯಿಂದ ನುಣುಚಿಕೊಂಡರು. ಕೊನೆಗೆ 1869ರಲ್ಲಿ ಕಚ್ಛ್ ರಾಯರಿಂದಲೇ ಘೋಷಣೆ ಹೊರಟಿತು: ಜಾಂಜಿಬಾರಿನಲ್ಲಿರುವ ನಮ್ಮ ಪ್ರಜೆಗಳು ಇಂಗ್ಲಿಷರ ನ್ಯಾಯಾಧಿಕಾರಕ್ಕೆ ಒಳಪಟ್ಟವರೆಂದು. 1843ರ ಕಾನೂನನ್ನು 1890ರಲ್ಲಿ ಹೊಸದಾಗಿ ಬರೆದಾಗ, ಭಾರತದ ಎಲ್ಲ ಸಂಸ್ಥಾನಗಳ ಪ್ರಜೆಗಳೂ ಪರದೇಶದಲ್ಲಿ ರಾಣಿಯ ರಕ್ಷಣೆಗೆ ಸೇರಿದವರೆಂದು ಒಂದು ಕಲಮನ್ನೇ ಹಾಕಿದರು. ನಮ್ಮ ತಾತ ಅಪ್ಪಿತಪ್ಪಿ ಹಡಗು ಹತ್ತಿ ಮೊಂಬಾಸಾದಲ್ಲಿ ಇಳಿದಿದ್ದರೆ, ಕಬ್ಬನ್ ಪಾರ್ಕಿನಾಚೆ ಪರದೇಶಿಯಾಗಿದ್ದವರು ಅಲ್ಲಿ ಇಂಗ್ಲಿಷರ ಸ್ವಂತದವರಾಗಿಬಿಡುತ್ತಿದ್ದರು!

ಕಾನ್ಸಲನ ಕೋರ್ಟಿನ ಮೇಲೆ ಅಪೀಲು ಹೋಗುತ್ತಿದ್ದದ್ದು ಮುಂಬಯಿಯ ಹೈಕೋರ್ಟಿಗೆ. ಮೆಕಾಲೆ ಕರಡು ಬರೆದು 1860ರಲ್ಲಿ ಶಾಸನವಾದ ನಮ್ಮ ಪೀನಲ್ ಕೋಡೂ ಹಡಗೇರಿ ಹೋಯಿತು. ಮುಂದೆ ಬ್ರಿಟಿಷ್ ಪೂರ್ವ ಆಫ್ರಿಕದಲ್ಲಿ ಕೊಲೆ ಮಾಡಿದವನ ಮೇಲೆ 302, ಕದ್ದವನ ಮೇಲೆ 379, ಮೋಸ ಮಾಡಿದವನ ಮೇಲೆ 420. ನಮ್ಮಲ್ಲಿ ಬೈಗುಳವಾಗಿ ಹೋದ ಆ ಕೊನೆಯ ಸಂಖ್ಯೆ ಮೊಂಬಾಸಾದ ಕೋರ್ಟಿನಲ್ಲೂ ಕೂಗಿಸಿಕೊಂಡಿತು. ಕೀನ್ಯದಲ್ಲಿ ಆ ಕೋಡು 1930ರವರೆಗೆ ಬಾಳಿತು. ನಮ್ಮಲ್ಲಿ 2024ರ ಜೂನ್ ಕೊನೆಯವರೆಗೆ.

ಇಷ್ಟಾದರೂ ಇದು ‘ತಮ್ಮವರ’ ಮೇಲಿನ ಅಧಿಕಾರ. ಆ ನೆಲದ ಮಕ್ಕಳ ಮೇಲೆ? ಇಲ್ಲಿ ಬರುತ್ತದೆ ಆ ಎರಡನೆಯ ಮಾತು: ಪ್ರೊಟೆಕ್ಟರೇಟು. ರಕ್ಷಿತ ರಾಜ್ಯ ಎಂದು ನಮ್ಮ ನಿಘಂಟುಗಳು ಅರ್ಥ ಕೊಡುತ್ತವೆ. ನನಗೆ ನಮ್ಮ ‘ಕಾಯು’ ಎಂಬ ಕ್ರಿಯಾಪದವೇ ಇದಕ್ಕೆ ಹತ್ತಿರವೆನಿಸುತ್ತದೆ. ದೇವರು ಕಾಯುತ್ತಾನೆ, ತಳವಾರ ಕಾಯುತ್ತಾನೆ, ಹುಡುಗ ದನ ಕಾಯುತ್ತಾನೆ. ದನ ಕಾಯುವವನು ದನದ ಒಡೆಯನಾಗಬೇಕೆಂದೇನೂ ಇಲ್ಲ. ಕೋಲು ಮಾತ್ರ ಅವನ ಕೈಯಲ್ಲಿರುತ್ತದೆ.

1884–85ರಲ್ಲಿ ಬರ್ಲಿನ್ನಿನಲ್ಲಿ ಯೂರೋಪಿನ ರಾಜ್ಯಗಳು ಆಫ್ರಿಕದ ವಿಷಯಕ್ಕೆ ಸಭೆ ಸೇರಿದವು. ಕರಾವಳಿಯ ನೆಲವನ್ನು ವಶಪಡಿಸಿಕೊಂಡವರು ಅಲ್ಲಿ ನ್ಯಾಯ ನೀಡುವಷ್ಟು ಅಧಿಕಾರವನ್ನು ಸ್ಥಾಪಿಸಬೇಕೆಂದು ನಿಬಂಧನೆಯಾಯಿತು. ರಕ್ಷಿತ ರಾಜ್ಯಗಳಿಗೆ ಈ ನಿಬಂಧನೆ ಬೇಡವೆಂದು ಇಂಗ್ಲಿಷರು ಹಟ ಹಿಡಿದು ಅವನ್ನು ಹೊರಗಿಡಿಸಿದರು. ಆಗ ಅವರ ವಾದ: ನಾವು ಕೇವಲ ರಕ್ಷಕರು, ಒಳಗಿನ ಆಡಳಿತ ನಮ್ಮದಲ್ಲ. ಅಂದರೆ, ನಮ್ಮ ಸರಹದ್ದಲ್ಲ. ಐದಾರು ವರ್ಷದಲ್ಲಿ ವಾದ ಬದಲಾಯಿತು. 1891ರಲ್ಲಿ ದಕ್ಷಿಣ ಆಫ್ರಿಕದ ಬೆಚುವಾನಾಲ್ಯಾಂಡಿಗೆ (ಇಂದಿನ ಬೋಟ್ಸ್‌ವಾನಾ) ಹೊರಟ ರಾಜಾಜ್ಞೆ, ಅಲ್ಲಿರುವ ಸಕಲರ ಮೇಲೂ ಶಾಸನ ಮಾಡುವ ಅಧಿಕಾರವನ್ನು ಹೈ ಕಮಿಷನರಿಗೆ ಕೊಟ್ಟಿತು. 1906ರಲ್ಲಿ ಅಲ್ಲಿಯ ಬತವಾನ ಕುಲದ ಮುಖಂಡ ಸೆಕ್ಗೋಮೆಯನ್ನು ಸೆರೆಹಿಡಿದರು. ಅವನೊಬ್ಬನಿಗಾಗಿಯೇ ಒಂದು ಘೋಷಣೆ ಹೊರಡಿಸಿ ಬಂಧನದಲ್ಲಿಟ್ಟರು. ಅವನ ಅರ್ಜಿ 1910ರಲ್ಲಿ ಲಂಡನ್ನಿನ ಅಪೀಲು ಕೋರ್ಟಿಗೆ ಬಂತು. ಬೆಚುವಾನಾಲ್ಯಾಂಡು ಪರದೇಶವೇ, ಆದರೆ ಅಲ್ಲಿ ದೊರೆಯ ಅಧಿಕಾರ ಮಾತ್ರ ಅಬಾಧಿತ ಎಂಬುದು ತೀರ್ಪಿನ ಸಾರ. ಅರ್ಜಿ ವಜಾ.

ಈ ಪುಸ್ತಕಗಳಲ್ಲಿ ನನ್ನನ್ನು ನಿದ್ದೆಗೆಡಿಸಿದ್ದು ಮಾತ್ರ ಮಸಾಯಿಗಳ ಮೊಕದ್ದಮೆ. ಪೂರ್ವ ಆಫ್ರಿಕ 1895ರಲ್ಲಿ ರಕ್ಷಿತ ರಾಜ್ಯವಾಯಿತು. ಮೊಂಬಾಸಾದಿಂದ ವಿಕ್ಟೋರಿಯಾ ಸರೋವರದವರೆಗೆ ನಮ್ಮ ದೇಶದ ಕೂಲಿಗಳು ಹಾಕಿದ ರೈಲು ರಿಫ್ಟ್ ಕಣಿವೆಯ ಹುಲ್ಲುಗಾವಲನ್ನು ಸೀಳಿಕೊಂಡು ಹೋಯಿತು. ರೈಲಿನ ಹಿಂದೆಯೇ ಬಿಳಿಯ ಒಕ್ಕಲುಗಾರರು ಬಂದರು. ಆ ಹುಲ್ಲುಗಾವಲು ದನಗಾಹಿಗಳಾದ ಮಸಾಯಿಗಳದು. 1904ರಲ್ಲಿ ಕಮಿಷನರು ಸರ್ ಡೊನಾಲ್ಡ್ ಸ್ಟೂವರ್ಟರು ಮಸಾಯಿ ಹಿರಿಯರೊಡನೆ ಕರಾರು ಮಾಡಿಕೊಂಡರು. ಕಣಿವೆಯನ್ನು ಬಿಟ್ಟುಕೊಟ್ಟು ಕೆಲವರು ಉತ್ತರದ ಲೈಕಿಪಿಯಾಕ್ಕೆ, ಕೆಲವರು ದಕ್ಷಿಣಕ್ಕೆ ಹೋಗುವುದು. ಆ ನೆಲ, ಮಸಾಯಿಗಳೆಂಬ ಜನ ಇರುವಷ್ಟು ಕಾಲ ಅವರದೇ ಎಂಬುದು ಷರತ್ತು. ‘ಆಚಂದ್ರಾರ್ಕ’ ಎಂದು ನಮ್ಮ ಶಾಸನಗಳಲ್ಲಿ ಕಲ್ಲಿಗೆ ಕೊರೆಯುತ್ತಿದ್ದರಲ್ಲ, ಅದೇ ಮಾತು ಬೇರೆ ಉಡುಪಿನಲ್ಲಿ.

ಚಂದ್ರಸೂರ್ಯರು ಏಳು ವರ್ಷ ಬಾಳಿದರು. ಲೈಕಿಪಿಯಾದ ನೆಲವೂ ಬಿಳಿಯರಿಗೆ ಬೇಕಾಯಿತು. 1911ರಲ್ಲಿ ಇನ್ನೊಂದು ಕರಾರು. ಉತ್ತರದವರೂ ದನಕರು ಕುರಿ ಹೊಡೆದುಕೊಂಡು ದಕ್ಷಿಣಕ್ಕೆ ಹೋಗತಕ್ಕದ್ದೆಂದು ಅದರಲ್ಲಿ ಬರೆದಿತ್ತು. ಹೋಗುವ ದಾರಿಯಲ್ಲಿ ದನ ಸತ್ತವು. ಆಗ ಪಾರ್ಸಲೋಯ್ ಓಲೆ ಗಿಲಿಶೋ ಎಂಬ ಮುಖಂಡನ ಗುಂಪಿನವರು ಮಾಡಿದ ಕೆಲಸ ನನಗೆ ಇಂದಿಗೂ ಆಶ್ಚರ್ಯವನ್ನುಂಟುಮಾಡುತ್ತದೆ. ಭರ್ಜಿ ಹಿಡಿಯುವುದರಲ್ಲಿ ಹೆಸರಾದ ಆ ಜನ ಭರ್ಜಿ ಹಿಡಿಯಲಿಲ್ಲ, ವಕೀಲರನ್ನು ಹಿಡಿದರು. ಓಲೆ ಎನ್ಜೋಗೊ ಎಂಬವನೇ ಮೊದಲಾದವರ ಹೆಸರಿನಲ್ಲಿ ಸರ್ಕಾರದ ಮೇಲೆ, ಸರ್ಕಾರದ್ದೇ ಕೋರ್ಟಿನಲ್ಲಿ ದಾವೆ ಹೂಡಿದರು. ಎರಡನೆಯ ಕರಾರಿಗೆ ಮಸಾಯಿಗಳೆಲ್ಲರ ಒಪ್ಪಿಗೆ ಇಲ್ಲ, ಮೊದಲನೆಯದು ಊರ್ಜಿತವಾಗಿದೆ, ನಮ್ಮ ನೆಲ ನಮಗೆ ಬರಲಿ, ಸತ್ತ ದನಗಳಿಗೆ ಪರಿಹಾರ ಕೊಡಿ ಎಂದು ಕೇಳಿದರು. ಅಧಿಕಾರವ್ಯಾಪ್ತಿ ಎಂದರೆ ಶಿಕ್ಷಿಸುವ ಹಕ್ಕು ಮಾತ್ರವಲ್ಲ, ವಿಚಾರಿಸುವ ಹೊಣೆ ಕೂಡ ಎಂದು ಅವರು ನಂಬಿದ್ದಿರಬೇಕು.

1913ರಲ್ಲಿ ತೀರ್ಪಾಯಿತು. ಮಸಾಯಿಗಳು ಬ್ರಿಟಿಷ್ ಪ್ರಜೆಗಳಲ್ಲ. ರಕ್ಷಿತ ರಾಜ್ಯ ಪರದೇಶ, ಅಲ್ಲಿಯವರು ಪರದೇಶದವರು. ಆದ್ದರಿಂದ 1904ರದೂ 1911ರದೂ ಕರಾರುಗಳಲ್ಲ, ಒಂದು ರಾಜ್ಯ ಇನ್ನೊಂದು ರಾಜ್ಯದೊಡನೆ ಮಾಡಿಕೊಂಡ ಸಂಧಾನಗಳು. ಸಂಧಾನವನ್ನು ಮುರಿದದ್ದು ರಾಜ್ಯದ ಕಾರ್ಯ; ಅದನ್ನು ವಿಚಾರಿಸುವುದು ಈ ನ್ಯಾಯಸ್ಥಾನದ ವ್ಯಾಪ್ತಿಗೆ ಬರುವುದಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ಪೂರ್ವ ಆಫ್ರಿಕದ ಅಪೀಲು ಕೋರ್ಟೂ ಇದನ್ನೇ ಎತ್ತಿಹಿಡಿಯಿತು.

ಎಂಥ ಗೌರವ ನೋಡಿ! ಆ ಕೋರ್ಟು ಮಸಾಯಿಗಳನ್ನು ಸ್ವತಂತ್ರ ರಾಜ್ಯದ ಅಂತಸ್ತಿಗೆ ಏರಿಸಿತು. ಏರಿಸಿದ್ದು ಅವರನ್ನು ಬಾಗಿಲಿನಿಂದ ಹೊರಗೆ ಕಳಿಸುವುದಕ್ಕೆ. ಆ ದಿನವೇ ಒಬ್ಬ ಮಸಾಯಿ ಬಿಳಿಯನ ಹಸುವನ್ನು ಹೊಡೆದುಕೊಂಡು ಹೋಗಿದ್ದರೆ, ಅವನು ಪರದೇಶದವನೆಂದು ಯಾವ ಮ್ಯಾಜಿಸ್ಟ್ರೇಟನೂ ಬಿಡುತ್ತಿರಲಿಲ್ಲ, 379 ಸಿದ್ಧವಾಗಿತ್ತು. ಆ ತೀರ್ಪಿನಲ್ಲಿ ಕಟುವಾದ ಮಾತಾಗಲಿ ತಿರಸ್ಕಾರವಾಗಲಿ ಇಲ್ಲ. ಆ ಠಾಣೆಯವರು ನನಗೆ ಕುರ್ಚಿ ತೋರಿಸಿದಂತೆಯೇ, ನ್ಯಾಯಾಧೀಶರೂ ಬಹಳ ಸಭ್ಯರು.

1920ರಲ್ಲಿ ಕರಾವಳಿಯ ಪಟ್ಟಿಯೊಂದನ್ನು ಬಿಟ್ಟು ಉಳಿದ ನೆಲ ನೇರವಾಗಿ ವಸಾಹತಾಯಿತು. ಆಗ ಅಲ್ಲಿಯವರೆಲ್ಲ ಪ್ರಜೆಗಳಾದರು, ಇನ್ನು ಪರದೇಶದವರೆನ್ನುವಂತಿಲ್ಲ. ಮುಂದೆ ಬೇರೊಂದು ಮೊಕದ್ದಮೆಯಲ್ಲಿ ಅಲ್ಲಿಯ ಕೋರ್ಟು, ನೆಲವೆಲ್ಲ ದೊರೆಯದಾದ್ದರಿಂದ ಆಫ್ರಿಕನರು ಅವನ ಇಚ್ಛೆ ಇರುವವರೆಗಿನ ಒಕ್ಕಲುಗಳು ಮಾತ್ರ ಎಂದಿತು.

ಮೊದಲ ಕರಾರಿಗೆ ನೂರು ವರ್ಷ ತುಂಬಿದ 2004ರ ಆಗಸ್ಟಿನಲ್ಲಿ ಮಸಾಯಿಗಳು ಮತ್ತೆ ನೆಲ ಕೇಳಿದರು. ಈ ಸಲ ಕೇಳಿದ್ದು ಸ್ವತಂತ್ರ ಕೀನ್ಯದ ಸರ್ಕಾರವನ್ನು. ಕೆಲವರು ಲೈಕಿಪಿಯಾದ ದೊಡ್ಡ ತೋಟಗಳ ಬೇಲಿ ಮುರಿದು ದನಗಳನ್ನು ಒಳಗೆ ಬಿಟ್ಟರು. ಪೊಲೀಸರು ಬಂದರು, ಗುಂಡು ಹಾರಿತು, ಸರ್ಕಾರ ಬೇಡಿಕೆಯನ್ನು ಒಪ್ಪಲಿಲ್ಲ. ದನಗಳನ್ನು ಮತ್ತೆ ಹೊರಕ್ಕೆ ಅಟ್ಟಿದರು.