ಹುರುಳಿ ಕಟ್ಟು

ನಮ್ಮ ಬಾಡಿಗೆ ಕೋಣೆಯಲ್ಲಿ ಈಗ ಒಂದು ಮಡಕೆ ಇದೆ. ಅದಕ್ಕೆ ಒಲೆ ಬೇಡ, ಸೌದೆ ಬೇಡ, ಊದುಕೊಳವಿ ಬೇಡ. ಗೋಡೆಗೆ ಚುಚ್ಚಿದರೆ ಸಾಕು, ರಾತ್ರಿಯೆಲ್ಲಾ ತನ್ನ ಪಾಡಿಗೆ ತಾನು ಬೇಯಿಸುತ್ತಾ ಕೂತಿರುತ್ತದೆ. ಬೆಂಗಳೂರಲ್ಲಿ ಮನೆ ಖಾಲಿ ಮಾಡುತ್ತಿದ್ದವರೊಬ್ಬರು ಅಗ್ಗಕ್ಕೆ ಕೊಟ್ಟರು. ನಾವು ಮೂವರೂ ಕಾಸು ಕೂಡಿಸಿ ಮಂಡ್ಯಕ್ಕೆ ಹೊತ್ತು ತಂದೆವು. ಸ್ಲೋ ಕುಕ್ಕರ್ ಅಂತ ಅದರ ಹೆಸರು. ಪ್ರೆಷರ್ ಕುಕ್ಕರಾದರೆ ಸಿಳ್ಳೆ ಹೊಡೆದು ಬೀದಿಗೆಲ್ಲಾ ಸಾರುತ್ತದೆ. ಇದರದ್ದು ಬಾಯಿಲ್ಲದ ಕೆಲಸ.

ನಮ್ಮ ಮೂರೂ ಮನೆಗಳಲ್ಲಿ ಡಿಗ್ರಿ ಅನ್ನುವುದನ್ನು ಕಂಡವರು ನಾವೇ ಮೊದಲು. ಒಬ್ಬ ಅತಿಥಿ ಶಿಕ್ಷಕ, ಒಬ್ಬ ಮನೆಮನೆಗೆ ಪಾರ್ಸಲ್ ಹೊರುವವನು, ಒಬ್ಬ ಪರೀಕ್ಷೆ ಮೇಲೆ ಪರೀಕ್ಷೆ ಬರೆಯುವವನು. ಪದ್ಯ ಬರೆಯುವುದು ಇದರಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಬೆಳಗ್ಗೆ ಹೊರಟರೆ ಕತ್ತಲಾದ ಮೇಲೆ ಬರುವವರು ನಾವು. ಬಂದಾಗ ಏನಾದರೂ ಬೆಂದಿರಲಿ ಅನ್ನುವುದಷ್ಟೇ ಆಸೆ.

ಶಿವಪುರದಿಂದ ಅವ್ವ ಬಂದಳು. ಮೂವರಲ್ಲಿ ಯಾರವ್ವ ಅಂತ ಕೇಳಬೇಡಿ, ಕೇರಿಯಲ್ಲಿ ಒಬ್ಬಳು ಮೂವರಿಗೂ ಅವ್ವನೇ. ಮಡಕೆಯನ್ನು ಸುತ್ತ ತಿರುಗಿ ನೋಡಿದಳು. 'ಇದೇನ್ಲಾ ಇದು, ಉರೀನೇ ಕಾಣಾಕಿಲ್ಲ. ಬೇಯ್ತದಾ?' ಅಂದಳು. ಬೇಯ್ತದೆ ಕಣವ್ವ, ಎಂಟು ಗಂಟೆ ಹಿಡಿತದೆ ಅಂದೆವು. ಅವ್ವ ನಕ್ಕಳು. 'ಎಂಟ್ ಗಂಟೆ ಬೇಯ್ಸಕ್ಕೆ ಇಷ್ಟ್ ಕಾಸ್ ಕೊಟ್ರಾ? ನಾನು ಬಿಟ್ಟಿ ಬೇಯ್ಸ್‌ತಿರ್ನಿಲ್ವಾ?'

ನಿಜ. ಅವ್ವ ಬೇಯಿಸುತ್ತಿದ್ದದ್ದು ಹೀಗೆಯೇ. ರಾತ್ರಿ ಒಂದು ಪಾವು ಹುರುಳಿ ನೆನೆ ಹಾಕುವುದು. ಬೆಳಗಿನ ಜಾವ ಎದ್ದು ಕಲ್ಲು ಆರಿಸಿ ತೊಳೆದು, ಮಣ್ಣಿನ ಮಡಕೆಗೆ ಹಾಕಿ ಐದಾರು ಪಾವು ನೀರು ಹುಯ್ದು ಒಂದು ಸಾರಿ ಗಳಗಳ ಕುದಿಸುವುದು. ಆಮೇಲೆ ಉರಿ ಹಿಂದಕ್ಕೆಳೆದು, ಕೆಂಡದ ಮೇಲೆ ಭತ್ತದ ಹೊಟ್ಟು ಸುರಿದು, ಎರಡು ಬೆರಣಿ ಮುರಿದು ಒಡ್ಡುವುದು. ಹೊಟ್ಟು ಉರಿಯುವುದಿಲ್ಲ, ಒಳಗೊಳಗೇ ಹೊಗೆಯುತ್ತದೆ. ಮಡಕೆ ಬಾಯಿಗೆ ತಟ್ಟೆ ಮುಚ್ಚಿ ತಟ್ಟೆ ತುಂಬ ನೀರು. ಮೇಲಿನ ತಣ್ಣೀರಿಗೆ ಒಳಗಿನ ಹಬೆ ತಾಕಿ ಮತ್ತೆ ಮಡಕೆಗೇ ತೊಟ್ಟಿಕ್ಕುತ್ತದೆ, ಕಾಳು ತಳ ಹಿಡಿಯುವುದಿಲ್ಲ. ನೀರು ಸಾಲದೆ ಹೋದರೆ ಹುಯ್ಯಲು ಬಿಸಿನೀರೂ ಅಲ್ಲೇ ಸಿದ್ಧ. ಇಷ್ಟು ಮಾಡಿ ಅವ್ವ ನಾಟಿಗೋ ಕಬ್ಬಿನ ಗದ್ದೆಗೋ ಹೋಗಿಬಿಡುವಳು. ಸಂಜೆ ಬಂದಾಗ ಕಾಳು ಬೆರಳಲ್ಲಿ ಹಿಸುಕಿದರೆ ಬೆಣ್ಣೆ. ಗಾಜಿನ ಮುಚ್ಚಳದ ಈ ಕರೆಂಟು ಮಡಕೆ ಮಾಡುವುದೂ ಇಷ್ಟೇ. ಕುದಿಯ ಅಂಚಿನವರೆಗೆ ಬಿಸಿಯೇರಿಸಿ ಅಲ್ಲೇ ಹಿಡಿದಿಡುತ್ತದೆ, ಹಬೆಯನ್ನು ಹೊರಗೆ ಬಿಡುವುದಿಲ್ಲ.

ಅವ್ವ ಒಂದು ಕಟ್ಟಳೆ ಹೇಳಿದಳು: ಕಾಳು ಬೇಯುವ ತನಕ ಹುಣಿಸೆಹುಳಿ ತೋರಿಸಬೇಡಿ. ಹುಳಿ ಬಿದ್ದರೆ ಕಾಳು ಮುನಿಸಿಕೊಳ್ಳುತ್ತದೆ, ಆಮೇಲೆ ಎಷ್ಟು ಉರಿ ಹಾಕಿದರೂ ಮೆತ್ತಗಾಗುವುದಿಲ್ಲ. ಓದಿದವರು ಇದಕ್ಕೆ ಬೇರೆ ಮಾತಲ್ಲಿ ಕಾರಣ ಕೊಡುತ್ತಾರೆ. ಕಾಳಿನ ಕಣಗಳನ್ನು ಅಂಟಿಸಿ ಹಿಡಿದ ಪೆಕ್ಟಿನ್ ಹುಳಿಯಲ್ಲಿ ಕರಗುವುದಿಲ್ಲ, ಅಷ್ಟೇ. ಅವ್ವನ 'ಮುನಿಸು' ನಮಗೆ ಚೆನ್ನಾಗಿ ಅರ್ಥವಾಗುತ್ತದೆ.

ಬೆಂದ ಮೇಲೆ ಬಸಿದ ನೀರೇ ಕಟ್ಟು. ಒಣಮೆಣಸಿನಕಾಯಿ, ಕೊತ್ತಂಬರಿ ಬೀಜ, ಜೀರಿಗೆ, ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಚೂರು ತೆಂಗಿನಕಾಯಿ, ಜತೆಗೆ ಒಂದು ಹಿಡಿ ಬೆಂದ ಕಾಳು ಹಾಕಿ ನುಣ್ಣಗೆ ಅರೆದು ಕಟ್ಟಿಗೆ ಕದಡಿ ಕುದಿಸುವುದು. ಆಗ ಹುಳಿ. ಮೊದಲ ದಿನಕ್ಕಿಂತ ಎರಡನೇ ದಿನ ರುಚಿ, ಕಾಯಿಸಿ ಕಾಯಿಸಿ ಮಂದವಾದ ಮೂರನೇ ದಿನದ್ದು ಇನ್ನೂ ರುಚಿ. ಬಿಸಿ ರಾಗಿಮುದ್ದೆ ಇದ್ದರೆ ಬೇರೆ ಮಾತು ಬೇಡ.

ಈಗ ಹೋಟೆಲಿನವರು ಹುರುಳಿ ಕಟ್ಟಿನ ಸಾರನ್ನು ನಾಟಿ ರುಚಿ ಅಂತ ಬೋರ್ಡು ಹಾಕಿ ಮಾರುತ್ತಾರೆ. ಸಂತೋಷ. ಆದರೆ ಆ ಬೋರ್ಡಿನಲ್ಲಿ ಬರೆಯದ ಒಂದು ಸಂಗತಿ ನಮ್ಮ ಮನೆಯಲ್ಲಿದೆ.

ಹುರುಳಿ ದನದ ಮೇವು, ಕುದುರೆಯ ಮೇವು. ಇಂಗ್ಲಿಷಿನವರು ಅದಕ್ಕೆ ಕುದುರೆ ಕಾಳು ಅಂತಲೇ ಹೆಸರಿಟ್ಟರು. ಉಳುವ ಎತ್ತಿಗೆ ಕಸುವು ಬರಲೆಂದು ದೊಡ್ಡ ಮನೆಗಳ ಹಿತ್ತಿಲಲ್ಲಿ ಹಂಡೆಗಟ್ಟಲೆ ಹುರುಳಿ ಬೇಯುತ್ತಿತ್ತು. ನಮ್ಮ ತಾತ ಹೊಳೆಯಾಚೆ ಒಂದು ಮನೆಯಲ್ಲಿ ಜೀತಕ್ಕಿದ್ದ. ಆ ಹಂಡೆಗೆ ಸೌದೆ ಒಡ್ಡುವುದು, ಬೆಂದ ಕಾಳನ್ನು ಎತ್ತಿನ ಬಾನಿಗೆ ಸುರಿಯುವುದು ಅವನ ಕೆಲಸ. ಕಾಳು ಎತ್ತಿಗೆ. ಬಸಿದ ಕಟ್ಟಿನಲ್ಲಿ ಮೊದಲ ಚೊಂಬು ಒಡೆಯರ ಅಡಿಗೆಮನೆಗೆ. ಉಳಿದದ್ದು ಅಜ್ಜಿಗೆ. ಅಜ್ಜಿ ಸಂಜೆ ಮಡಕೆ ಹಿಡಿದು ಹಿತ್ತಿಲ ಬೇಲಿ ಹತ್ತಿರ ನಿಲ್ಲುವಳು. ಮನೆಯಾಕೆ ಮೇಲಿಂದ ಹುಯ್ಯುವಳು. ಮಡಕೆಗೆ ಚೊಂಬು ತಾಕಬಾರದಲ್ಲ, ಅದಕ್ಕೆ ಮೇಲಿಂದ. ಅರ್ಧ ಮಡಕೆಗೆ ಬೀಳುವುದು, ಅರ್ಧ ಕೈಗೆ. 'ಕಟ್ಟು ಬಿಸಿ ಇರದು ಕಣ್ಲಾ' ಅಂತ ಅಜ್ಜಿ ಮುಂಗೈ ತೋರಿಸುತ್ತಿದ್ದಳು. ಅಲ್ಲಿ ಚರ್ಮ ಬೇರೆ ಬಣ್ಣದ್ದಿತ್ತು.

ಒಂದು ದಿನ ಅಜ್ಜಿ ಎತ್ತಿನ ಬಾನಿಯಿಂದ ಒಂದು ಬೊಗಸೆ ಕಾಳು ತೆಗೆದು ಸೆರಗಿಗೆ ಕಟ್ಟಿಕೊಂಡಳು. ಬಾಣಂತನ ಮುಗಿದು ಮೂರು ತಿಂಗಳಾಗಿತ್ತಂತೆ, ಎದೆಯಲ್ಲಿ ಹಾಲಿರಲಿಲ್ಲ. ಸೆರಗಿನಿಂದ ನೀರು ತೊಟ್ಟಿಕ್ಕಿ ಸಿಕ್ಕಿಬಿದ್ದಳು. ದನದ ಬಾಯಿಂದ ಕಿತ್ತುಕೊಂಡವಳು ಅಂತ ಬೈದರು. ಬೈದದ್ದಕ್ಕೆ ಅಜ್ಜಿಗೆ ಅಷ್ಟು ನೋವಿಲ್ಲ. ಸೆರಗು ಬಿಚ್ಚಿಸಿ, ಆ ಕಾಳನ್ನು ಅವಳ ಕೈಯಿಂದಲೇ ಮತ್ತೆ ಬಾನಿಗೆ ಹಾಕಿಸಿದರು. ಅವಳು ಮುಟ್ಟಿದ ಕಾಳು ಎತ್ತಿಗೆ ಮೈಲಿಗೆಯಾಗಲಿಲ್ಲ. ಇದನ್ನು ಹೇಳುವಾಗ ಅಜ್ಜಿ ನಗುತ್ತಿದ್ದಳು. ನಮಗೆ ಆ ನಗು ಇವತ್ತಿಗೂ ಬಂದಿಲ್ಲ.

ಜೀತ ರದ್ದು ಮಾಡುವ ಕಾಯ್ದೆ ಬಂದದ್ದು 1976ರಲ್ಲಿ. ಇದು ಅದಕ್ಕೂ ನಾಲ್ಕೈದು ವರ್ಷ ಹಿಂದಿನ ಮಾತು. ಹೆಚ್ಚುಕಮ್ಮಿ ಅದೇ ಕಾಲದಲ್ಲಿ, 1973ರ ನವೆಂಬರಿನಲ್ಲಿ, ಮೈಸೂರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಅಂದರು. ಅವರ ಮಂತ್ರಿಗಿರಿ ಹೋಯಿತು, ದಲಿತ ಹುಡುಗರು ಏಟು ತಿಂದರು. ಸಾಹಿತ್ಯವನ್ನು ದನದ ಮೇವು ಅಂದದ್ದಕ್ಕೆ ಅಷ್ಟು ಜನಕ್ಕೆ ಸಿಟ್ಟು ಬಂತು. ಮನುಷ್ಯರು ದನದ ಮೇವು ಬಸಿದ ನೀರು ಕುಡಿದು ಬದುಕುತ್ತಿದ್ದದ್ದಕ್ಕೆ ಯಾವ ಬೀದಿಯಲ್ಲೂ ಮೆರವಣಿಗೆ ಹೊರಟ ಸುದ್ದಿ ನಮ್ಮ ಕೇರಿಗೆ ಬರಲಿಲ್ಲ.

ಅಜ್ಜಿ ಆ ಹಿತ್ತಿಲಿಗೆ ಮತ್ತೆ ಹೋಗಲಿಲ್ಲ. ಅವರಿವರ ಹತ್ತಿರ ಒಂದು ಸೇರು ಬಿತ್ತನೆ ಹುರುಳಿ ಸಾಲ ತಂದು, ನಾಲೆ ನೀರು ಹತ್ತದ ಒಂದು ದಿಣ್ಣೆಯಲ್ಲಿ ಚೆಲ್ಲಿದಳು. ಹುರುಳಿಗೆ ನಾಲೆ ಬೇಡ, ಗೊಬ್ಬರ ಬೇಡ, ಹಿಂಗಾರಿನ ಎರಡು ಹದ ಮಳೆ ಸಾಕು. ಕನ್ನಂಬಾಡಿ ನೀರು ಬಂದು ಮಂಡ್ಯದ ಸೀಮೆಯೆಲ್ಲಾ ಭತ್ತ ಕಬ್ಬು ಆದಾಗಲೂ ಕಲ್ಲುದಿಣ್ಣೆಯಲ್ಲಿ ಉಳಿದದ್ದು ಹುರುಳಿ ಮತ್ತು ನಾವು. ಬೆಳೆ ಬಂತು. ಕೇರಿಯ ಹೆಂಗಸರೆಲ್ಲಾ ಕೂತು ಬಡಿದರು. ಮೊದಲ ಮಡಕೆ ಬೆಂದ ದಿನ ಕಟ್ಟು ಬಸಿದ ಮೇಲೆ ಅಜ್ಜಿಗೆ ಕಾಳನ್ನು ಏನು ಮಾಡಬೇಕೆಂದೇ ತೋಚಲಿಲ್ಲವಂತೆ. ಮನೆಯಲ್ಲಿ ಎತ್ತಿರಲಿಲ್ಲ. 'ಕಾಳೂ ನಮ್ದೇ ಕಟ್ಟೂ ನಮ್ದೇ, ಉಣ್ಣಿ' ಅಂದಳಂತೆ ತಾತ.

ತಾತ ಅನ್ನುವಲ್ಲಿ 'ಅಂದಳು' ಅಂತ ಬರೆದಿದ್ದೇವೆ. ಅಳಿಸುವುದಿಲ್ಲ. ಮಾತು ಅಜ್ಜಿಯದೇ, ತಾತನ ಬಾಯಿಗೆ ಹಾಕುವ ಅಭ್ಯಾಸ ಮನೆಮಂದಿಯದು.

ಶಿವಪುರ ಅಂದರೆ ಓದಿದವರಿಗೆ ಬಾವುಟ ನೆನಪಾಗುತ್ತದೆ. 1938ರ ಏಪ್ರಿಲಿನಲ್ಲಿ ಮೈಸೂರು ಕಾಂಗ್ರೆಸ್ಸಿನವರು ಸರ್ಕಾರದ ನಿಷೇಧ ಮುರಿದು ಇಲ್ಲಿ ಬಾವುಟ ಹಾರಿಸಿದರು. ಟಿ. ಸಿದ್ದಲಿಂಗಯ್ಯನವರು ಮುಂದಾಳು. ಅದರ ನೆನಪಿಗೆ ಸತ್ಯಾಗ್ರಹ ಸೌಧ ನಿಂತಿದೆ, ನಾವೂ ಸ್ಕೂಲಿಂದ ಸಾಲು ಹಿಡಿದು ಹೋಗಿ ಕೈಮುಗಿದಿದ್ದೇವೆ. ಅಜ್ಜಿ ಮಾತ್ರ ಒಂದೇ ಪ್ರಶ್ನೆ ಕೇಳುತ್ತಿದ್ದಳು: 'ಅಷ್ಟ್ ಜನ ಸೇರಿದ್ರಲ್ಲ, ಅವ್ರಿಗೆ ಬೇಯ್ಸಿದ್ ಸೌದೆ ಯಾರ್ ಹೊತ್ರಂತೆ?'

ಸ್ಲೋ ಕುಕ್ಕರಿನ ಹುಟ್ಟೂ ಕಾಳಿನ ಮಡಕೆಯಿಂದಲೇ ಅಂತ ಗೊತ್ತಾದಾಗ ನಾವು ಬೆರಗಾದೆವು. ಅಮೆರಿಕದ ಅರ್ವಿಂಗ್ ನ್ಯಾಕ್ಸನ್ ಅನ್ನುವವನು ಇದಕ್ಕೆ 1940ರಲ್ಲಿ ಪೇಟೆಂಟ್ ಪಡೆದ. ಅವನವರು ಲಿಥುವೇನಿಯಾದ ಯಹೂದಿಗಳು. ಸಬ್ಬತ್ ದಿನ ಒಲೆ ಹಚ್ಚಬಾರದು ಅನ್ನುವ ಕಟ್ಟು ಅವರಿಗೆ. ಶುಕ್ರವಾರ ಇಳಿಹೊತ್ತಿಗೆ ಕಾಳು, ಮಾಂಸ ತುಂಬಿದ ಮಡಕೆಯನ್ನು ಊರ ಬೇಕರಿಯ ಆರುವ ಒಲೆಯೊಳಗೆ ಇಟ್ಟು ಮಾರನೆಯ ದಿನ ತೆಗೆಯುತ್ತಿದ್ದರು. ತಾಯಿ ಹೇಳಿದ ಆ ಕತೆ ಕೇಳಿ ಮಗ ಯಂತ್ರ ಮಾಡಿದ. 1970ರಲ್ಲಿ ಅದನ್ನು ಒಂದು ಕಂಪನಿ ಕೊಂಡು ಮರುವರ್ಷ ಕ್ರಾಕ್-ಪಾಟ್ ಅಂತ ಹೆಸರಿಟ್ಟು ಮನೆಮನೆಗೆ ಮಾರಿತು.

ಈ ಮಡಕೆಯಲ್ಲಿ ಆ ದೇಶದವರು ಹೆಚ್ಚು ಬೇಯಿಸುವುದರಲ್ಲಿ ಒಂದು ಬೇಕ್ಡ್ ಬೀನ್ಸ್. ಬಾಸ್ಟನ್ನಿನದು ಹೆಸರುವಾಸಿ. ಅದರ ಕಾಳು ಬೇರೇನಲ್ಲ, ನಮ್ಮ ಸಂತೆಯ ಹುರುಳಿಕಾಯಿಯ ಬಲಿತ ಬೀಜದ ಜಾತಿಯೇ. ಅಮೆರಿಕದ ಮೂಲನಿವಾಸಿಗಳು ಬೆಳೆಸಿದ ಬಳ್ಳಿ ಹಡಗು ಹತ್ತಿ ನಮ್ಮಲ್ಲಿಗೆ ಬಂದಾಗ ನಮ್ಮವರು ಅದಕ್ಕೆ ಹುರುಳಿಯ ಹೆಸರನ್ನೇ ಕೊಟ್ಟರು. ಬಾಸ್ಟನ್ನಿನವರು ಅದಕ್ಕೆ ಉಪ್ಪು ಹಾಕಿದ ಹಂದಿಮಾಂಸ, ಸಾಸಿವೆ, ಮತ್ತೆ ಕಾಕಂಬಿ ಸುರಿಯುತ್ತಾರೆ. ಕಾಕಂಬಿ ಅಂದಕೂಡಲೇ ಮಂಡ್ಯದವರಿಗೆ ಮೂಗಿಗೆ ವಾಸನೆ ಬರುತ್ತದೆ. 1933ರಲ್ಲಿ ಶುರುವಾದ ನಮ್ಮ ಸಕ್ಕರೆ ಕಾರ್ಖಾನೆಯ ಗಾಳಿ ಬೀಸಿದ ಊರುಗಳಲ್ಲಿ ಬೆಳೆದವರು ನಾವು. ಬಾಸ್ಟನ್ನಿನ ಕಾಕಂಬಿ ಕೆರಿಬಿಯನ್ ದ್ವೀಪಗಳ ಕಬ್ಬಿನ ತೋಟಗಳಿಂದ ಬರುತ್ತಿತ್ತು. ಆ ತೋಟಗಳಲ್ಲಿ ದುಡಿದವರು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು. ಅವರಿಗೆ ತಿನ್ನಲು ಅಲ್ಲಿಂದ ಹೋಗುತ್ತಿದ್ದದ್ದು ಬೇರೆಲ್ಲೂ ಮಾರಾಟವಾಗದ ಕೀಳು ಒಣಮೀನು. ಕಾಕಂಬಿಯಿಂದ ರಮ್ ಇಳಿಸಿ, ಆ ರಮ್ ಕೊಟ್ಟು ಆಫ್ರಿಕಾದಲ್ಲಿ ಮತ್ತೆ ಮನುಷ್ಯರನ್ನು ಕೊಳ್ಳುತ್ತಿದ್ದರು. ಅವರ ಮಡಕೆಯ ಸಿಹಿಗೂ ಒಂದು ಹಿತ್ತಿಲಿದೆ.

ನಾವು ಅದನ್ನೂ ಮಾಡಿ ನೋಡಿದೆವು. ಹುರುಳಿಕಾಯಿ ಬೀಜ, ಆಲೆಮನೆಯ ಕರಿಬೆಲ್ಲ, ಸಾಸಿವೆ, ಈರುಳ್ಳಿ, ಊರಿಂದ ತಂದ ಒಂದು ತುಂಡು ಉಪ್ಪುಕಂಡ. ಯಾವ ಮಾಂಸದ್ದು ಅಂತ ಇಲ್ಲಿ ಬರೆಯುವುದಿಲ್ಲ, ನಮಗೆ ಬಾಡಿಗೆ ಮನೆ ಬೇಕು. ಮೊದಲ ಸಾರಿ ಕೆಟ್ಟಿತು. ಹಸಿ ಕಾಳಿಗೇ ಬೆಲ್ಲ ಹಾಕಿಬಿಟ್ಟಿದ್ದೆವು, ಹತ್ತು ಗಂಟೆಯಾದರೂ ಕಾಳು ಗೋಲಿಯಂತಿತ್ತು. ಬೆಲ್ಲವೂ ಹುಳಿಯಂತೆಯೇ ಕಾಳನ್ನು ಬಿಗಿ ಹಿಡಿಯುತ್ತದೆ. ಎರಡನೇ ಸಾರಿ ಬೇಯಿಸಿ ಆಮೇಲೆ ಬೆಲ್ಲ ಹಾಕಿದೆವು. ಆಗ ಅದೇ ಬಿಗಿ ಒಳ್ಳೆಯದಾಯಿತು: ಇನ್ನೂ ಆರು ಗಂಟೆ ಬೆಂದರೂ ಕಾಳು ಕರಗದೆ ಬಿಡಿಬಿಡಿಯಾಗಿ ನಿಂತಿತು. ಹಳ್ಳಿ ಮೇಷ್ಟ್ರುಗಳಲ್ಲಿ ಯಾರಾದರೂ ಇಂಥ ಮಡಕೆ ಕೊಂಡಿದ್ದರೆ ಒಂದು ಮಾತು. ಈ ಜಾತಿಯ ಕಾಳಿನಲ್ಲಿ, ಅದರಲ್ಲೂ ಕೆಂಪು ರಾಜ್ಮಾದಲ್ಲಿ, ಹಸಿಯಾಗಿದ್ದಾಗ ವಿಷವಿರುತ್ತದೆ. ಮಂದ ಬಿಸಿಗೆ ಅದು ಹೋಗುವುದಿಲ್ಲ, ಹೆಚ್ಚುವುದೂ ಉಂಟು. ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಲ್ಲಿ ಅರ್ಧ ಗಂಟೆ ಗಳಗಳ ಕುದಿಸಿಯೇ ಸ್ಲೋ ಕುಕ್ಕರಿಗೆ ಹಾಕಬೇಕು. ಅವ್ವನ ಬೆಳಗಿನ ಜಾವದ ಮೊದಲ ಕುದಿ ಇದಕ್ಕೂ ಆಗಿಬರುತ್ತದೆ.

ರುಚಿ? ಪರವಾಗಿಲ್ಲ. ಮೂವರೂ ಬನ್ನಿಗೆ ಹಚ್ಚಿ ತಿಂದೆವು. ಅವ್ವ ಒಂದು ಚಮಚ ಬಾಯಿಗಿಟ್ಟು 'ಪಾಯ್ಸಕ್ಕೆ ಬಾಡ್ ಬಿದ್ದದೆ' ಅಂದಳು.

ಹೇಳಬೇಕಾದ ಸಂಗತಿ ಇನ್ನೊಂದಿದೆ. ಕೋಣೆ ಕೊಡುವಾಗ ಕೆಳಗಿನ ಮನೆ ಯಜಮಾನಿ ನಮ್ಮನ್ನು 'ನೀವು ಯಾವ ಪೈಕಿ?' ಅಂತ ಕೇಳಿದ್ದರು. ಮದ್ದೂರು ಕಡೆಯವರು ಅಂದಿದ್ದೆವು. ಅವರು ಕೇಳಿದ್ದು ಅದಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. ವೇದಿಕೆ ಮೇಲೆ ನಿಂತು ಪದ್ಯ ಓದುವಾಗ ಕೇರಿಯ ಹೆಸರು ಕೂಗಿ ಹೇಳುವ ನಾವು ಆ ಮೆಟ್ಟಿಲ ಮೇಲೆ ಊರಿನ ಹೆಸರು ಹೇಳಿ ಬೀಗ ಇಸಿದುಕೊಂಡೆವು. ಇದನ್ನು ಬರೆಯದೆ ಬೇರೆಲ್ಲಾ ಬರೆದರೆ ಅದೂ ಬೂಸಾನೇ.

ಮೊದಲ ಸಾರಿ ಹುರುಳಿ ಬೆಂದ ರಾತ್ರಿ ವಾಸನೆ ಮೆಟ್ಟಿಲಿಳಿದು ಹೋಯಿತು. ಬೆಳಗ್ಗೆ ಆ ಯಮ್ಮ ಒಂದು ಸ್ಟೀಲ್ ಬೋಗುಣಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ತವರಲ್ಲಿ ತಾಯಿ ಮಾಡುತ್ತಿದ್ದರಂತೆ, ಗ್ಯಾಸಿನಲ್ಲಿ ಆ ಹದ ಬರುವುದಿಲ್ಲವಂತೆ. 'ಒಂದ್ ಚೂರ್ ಕಟ್ ಇದ್ರೆ ಕೊಡ್ರಪ್ಪಾ' ಅಂದರು. ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಹೇಳಿ ಕೊಡುವುದೋ, ಕೊಟ್ಟು ಹೇಳುವುದೋ. ಹೇಳಲಿಲ್ಲ. ಕೊಟ್ಟೆವು.

ಹೋದ ವಾರ ಅವ್ವನಿಗೆ ಇದನ್ನು ಹೇಳಿದೆವು. ಅವ್ವ ಸೊಪ್ಪು ಬಿಡಿಸುತ್ತಿದ್ದವಳು ಕೈ ನಿಲ್ಲಿಸಿದಳು.

'ಮೇಲಿಂದ ಹುಯ್ದ್ರೇನ್ಲಾ?'

'ಇಲ್ಲ ಕಣವ್ವ, ಬೋಗುಣಿ ಕೈಗಿಸ್ಕಂಡು ತುಂಬಿ ಕೊಟ್ಟೊ.'

'ಬರೀ ಕಟ್ಟೋ, ಕಾಳೂ ಹಾಕಿದ್ರೋ?'

'ಕಾಳೂ ಹಾಕಿದೊ.'

ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಆ ಯಮ್ಮಂಗೆ ಯೋಳ್ಬುಡಿ, ಬೀಗ ಕಿತ್ಕಂಡ್ರೆ ಕಿತ್ಕಳ್ಳಿ' ಅಂದಳು. ನಾಳೆ ಭಾನುವಾರ. ಹುರುಳಿ ನೆನೆ ಹಾಕಿದ್ದೇವೆ, ಎರಡು ಪಾವು.